ಬೈಪಾಸಿನಾಚೆಯ ನಾಲ್ಕು ಊರು

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾದ ಮೇಲೆ ರಾಮನಗರ, ಚನ್ನಪಟ್ಟಣಗಳ ಪೇಟೆಬೀದಿ ನೋಡದೆಯೇ ಮೈಸೂರು ಸೇರುವವರೇ ಹೆಚ್ಚು. ಆದರೆ ಈ ಸೀಮೆಯ ಕೋಟೆ, ಗೋರಿ, ಗುಡಿಗಳ ಕಥೆ ಅರ್ಥವಾಗಬೇಕಾದರೆ ದಾರಿಯಿಂದಲೇ ಶುರುಮಾಡಬೇಕು. ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವೆ ಬೆಟ್ಟ–ಕಾಡುಗಳ ಸಾಲು. ಅದನ್ನು ಹಿಡಿದವನ ಕೈಯಲ್ಲಿ ದಾರಿ.

ಬೆಂಗಳೂರು 1638ರಲ್ಲಿ ಬಿಜಾಪುರದ ಪಾಲಾದಾಗ ಕೆಂಪೇಗೌಡರ ವಂಶ ಮಾಗಡಿಯಲ್ಲಿ ನೆಲೆ ಕಂಡುಕೊಂಡಿತು. ಊರಿನ ಕೋಟೆ, ಸೋಮೇಶ್ವರನ ಗುಡಿ, ಬೆನ್ನಿಗಿದ್ದ ಸಾವನದುರ್ಗ ಆ ಪಾಳೆಯಪಟ್ಟಿನ ಬಲ. 1728ರಲ್ಲಿ ಮೈಸೂರಿನವರು ಅದನ್ನು ಗೆದ್ದರು. ಟಿಪ್ಪುವಿನ ಕಾಲಕ್ಕೆ ಅಭೇದ್ಯವೆನಿಸಿದ್ದ ಸಾವನದುರ್ಗ 1791ರ ಡಿಸೆಂಬರ್ 21ರಂದು ಇಂಗ್ಲಿಷರ ಕಾರ್ನ್‌ವಾಲಿಸ್‌ನ ಸೇನೆಗೆ ಬಿತ್ತು; ಅದರ ಬೆನ್ನಲ್ಲೇ ರಾಮಗಿರಿ ಕೋಟೆಯೂ ಹೋಯಿತು. ಬಂಡೆ ಹತ್ತಲು ಬರುವವರು ಈಗ ಬಹಳ. ಕೋಟೆಗೋಡೆಯ ಪಕ್ಕ ಈ ನಾಲ್ಕು ಸಾಲಾದರೂ ಬರೆಸಿ ನಿಲ್ಲಿಸಿದರೆ ಅವರು ತುಳಿಯುವ ಕಲ್ಲಿನ ಬೆಲೆ ತಿಳಿದೀತು.

ಮಾಗಡಿ ತಾಲ್ಲೂಕಿನ ಕೆಂಪಾಪುರದ್ದು ನನ್ನನ್ನು ಹೆಚ್ಚು ಕಾಡುವ ಕಥೆ. ಬೆಂಗಳೂರು ಕಟ್ಟಿದ ಕೆಂಪೇಗೌಡರದೆಂದು ಗುರುತಿಸಲಾದ ಸಮಾಧಿ ನಾಡಿನ ಗಮನಕ್ಕೆ ಬಂದದ್ದು 2015ರಲ್ಲಿ. ವಿಮಾನ ನಿಲ್ದಾಣಕ್ಕೆ, ಬಸ್ ನಿಲ್ದಾಣಕ್ಕೆ ಅವರ ಹೆಸರಿಟ್ಟ ಮೇಲೆ! ಅದುವರೆಗೆ ಆ ಕಲ್ಲುಮಂಟಪ ಊರವರ ಕಣ್ಣೆದುರೇ ಇತ್ತು. ಹುಡುಕಬೇಕಾದವು ಇನ್ನೆಷ್ಟು ಹೀಗೆ ಊರೊಳಗೇ ನಿಂತಿವೆಯೋ.

ಕನಕಪುರದಲ್ಲಿ ಹಳತು ಕಡಿಮೆ, ಅದಕ್ಕೂ ಕಾರಣ ದಾರಿಯೇ. ಆಗಿನ ಕಾನಕಾನಹಳ್ಳಿಯನ್ನು, ಶ್ರೀರಂಗಪಟ್ಟಣದತ್ತ ಹೊರಟ ಇಂಗ್ಲಿಷರಿಗೆ ಆಸರೆಯಾಗದಿರಲೆಂದು ಟಿಪ್ಪುವೇ ಎರಡು ಸಲ ಹಾಳುಗೆಡವಿಸಿದ. ರಾಮನಗರಕ್ಕೆ ಯುದ್ಧ ಹೆಸರನ್ನೇ ಅಂಟಿಸಿತು: ಟಿಪ್ಪು ಸತ್ತ ಮೇಲೆ ಮೈಸೂರಿನ ರೆಸಿಡೆಂಟನಾಗಿ ಬಂದ ಬ್ಯಾರಿ ಕ್ಲೋಸ್‌ನಿಂದ ಅದು ಕ್ಲೋಸ್‌ಪೇಟೆ. ಕೆಂಗಲ್ ಹನುಮಂತಯ್ಯನವರು ಹೆಸರು ಬದಲಿಸಿದರೂ ಭೂವಿಜ್ಞಾನಿಗಳ ಪುಸ್ತಕದಲ್ಲಿ ಇಲ್ಲಿನ ಬಂಡೆ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್.

ಚನ್ನಪಟ್ಟಣವೆಂದರೆ ಬೊಂಬೆ ಎನ್ನುತ್ತೇವೆ. ಆದರೆ ಅಲ್ಲಿನ ಪಾಳೆಯಗಾರ ಜಗದೇವರಾಯನ ಕೋಟೆಯ ಉತ್ತರಕ್ಕೆ ಎರಡು ಗೋರಿಗಳೂ ಇವೆ: ಒಂದು ಟಿಪ್ಪುವಿನ ಗುರು ಅಖಿಲ್ ಶಾ ಖಾದ್ರಿಯವರದು, ಇನ್ನೊಂದು ಸೆರೆಯಾಳುಗಳಿಗೆ ಕರುಣೆ ತೋರಿದನೆಂದು ಹೆಸರಾದ ಬೆಂಗಳೂರಿನ ಕಿಲ್ಲೇದಾರನದು. ಕೊಂದವರ ಸ್ಮಾರಕಗಳೇ ತುಂಬಿರುವ ಕಾಲದಿಂದ ಇಂಥದೊಂದು ಉಳಿದಿರುವುದು ದೊಡ್ಡ ಮಾತು. ಸಮೀಪದ ಮಳೂರಿನ ಅಪ್ರಮೇಯ ಗುಡಿಯಲ್ಲಿ ಅಂಬೆಗಾಲು ಕೃಷ್ಣನಿಗೆ ಮಕ್ಕಳಿಲ್ಲದವರು ತೊಟ್ಟಿಲ ಹರಕೆ ಹೊರುತ್ತಾರೆ.

ರಾಮನಗರ, ಚನ್ನಪಟ್ಟಣಗಳ ನಡುವೆ ಎಚ್.ಎಲ್. ನಾಗೇಗೌಡರು 1994ರಲ್ಲಿ ನಿಲ್ಲಿಸಿದ ಜಾನಪದ ಲೋಕವಿದೆ. ರಾಜರದಲ್ಲದ ಪರಂಪರೆ ಹದಿನೈದು ಎಕರೆಯಲ್ಲಿ ಸಿಗುವುದು ಇಲ್ಲಿ: ಬೀಸುಕಲ್ಲು, ನೇಗಿಲು, ತೊಗಲುಗೊಂಬೆ, ಭೂತದ ಮುಖವಾಡ. ನೋಡಲು ಟೋಲ್ ರಸ್ತೆ ಬಿಟ್ಟು ಹಳೆಯ ಹೆದ್ದಾರಿಯನ್ನೇ ಹಿಡಿಯಬೇಕು. ಅರ್ಧ ದಿನ ಇಟ್ಟುಕೊಂಡು ಹೋಗಿ, ಮಕ್ಕಳನ್ನೂ ಕರೆದೊಯ್ಯಿರಿ.