ಲಾರಿಗೆ ನಿವೃತ್ತಿ ಉಂಟು, ಮಾಲಕನಿಗೆ ಇಲ್ಲ

ಸರಕಾರದ ಕಚೇರಿಯಲ್ಲಿ ಕಾರಕೂನನಾಗಿ ಸೇರಿದವನಿಗೆ ತಾನು ಯಾವ ವರ್ಷದ ಯಾವ ತಿಂಗಳಿನಲ್ಲಿ ನಿವೃತ್ತನಾಗತಕ್ಕವನೆಂಬದು ಸೇರಿದ ದಿನವೇ ಗೊತ್ತಿರುತ್ತದೆ. ನಮ್ಮ ರಾಜ್ಯದಲ್ಲಿ ಆ ವಯಸ್ಸು 60. ಆ ದಿನ ಹಾರ, ಶಾಲು, ನಾಲ್ಕು ಒಳ್ಳೆಯ ಮಾತುಗಳು. ಮರುತಿಂಗಳಿನಿಂದ ಮನೆಗೆ ಬರುವ ವೇತನ. 1 ಏಪ್ರಿಲ್ 2006ರಿಂದ ಸೇವೆಗೆ ಸೇರಿದವರಿಗೆ ಹಳೆಯ ಕ್ರಮದ ನಿವೃತ್ತಿ ವೇತನವಿಲ್ಲವೆಂದು ನೌಕರವರ್ಗವು ಕೂಗೆಬ್ಬಿಸಿದ್ದು ನಿಜ. ಆದರೆ ಹೊಸ ಕ್ರಮದಲ್ಲಿಯೂ ನೌಕರನ ವಂತಿಗೆಯೊಡನೆ ಸರಕಾರದ ವಂತಿಗೆ ಕೂಡುತ್ತದೆ. ಮುಪ್ಪು ಬರುವದು ಖಂಡಿತ, ಅದಕ್ಕೆ ಮುಂಚಿತವಾಗಿ ಏರ್ಪಾಡು ಮಾಡತಕ್ಕದ್ದು ಎಂಬ ತತ್ತ್ವವನ್ನು ಯಾರೂ ಅಲ್ಲಗಳೆದಿಲ್ಲ.

ಈ ತತ್ತ್ವವು ಯಾರ ಬಾಗಿಲಿಗೆ ಇನ್ನೂ ಮುಟ್ಟಿಲ್ಲವೋ ಅಂಥ ಒಂದು ವರ್ಗದ ಕಡೆಗೆ ವಾಚಕರ ಲಕ್ಷ್ಯವನ್ನು ಸೆಳೆಯಬಯಸುತ್ತೇವೆ. ಅವರು ಒಂದೋ ಎರಡೋ ಲಾರಿಗಳನ್ನಿಟ್ಟುಕೊಂಡು, ತಾವೇ ಚಕ್ರ ಹಿಡಿದು, ಐವತ್ತು ವರ್ಷ ನಾಡಿನ ಸರಕನ್ನು ಹೊತ್ತ ವೃದ್ಧ ಮಾಲಕರು. ಲೆಕ್ಕದ ಪುಸ್ತಕದಲ್ಲಿ ಇವರು ಬಂಡವಾಳಗಾರರು; ಬೆವರಿನ ಲೆಕ್ಕದಲ್ಲಿ ಕೂಲಿಕಾರರು. ಎರಡೂ ಆಗಿರುವದರಿಂದಲೇ ಎರಡೂ ಕಡೆಯ ರಕ್ಷಣೆ ಇವರಿಗೆ ತಪ್ಪಿದೆ.

ಹುಬ್ಬಳ್ಳಿಯಂಥ ಊರಿನ ಬುಕಿಂಗ್ ಆಫೀಸುಗಳ ಮುಂದೆ ಸಾಯಂಕಾಲ ಇಂಥ ನಾಲ್ಕಾರು ಮಂದಿ ಕೂಡುವದುಂಟು. ಪುಣೆ–ಬೆಂಗಳೂರು ಹೆದ್ದಾರಿಯೂ ಅಂಕೋಲೆಯ ಕಡೆಗೆ ಇಳಿಯುವ ದಾರಿಯೂ ಕೂಡುವ ಊರಾದ್ದರಿಂದ ಅಲ್ಲಿ ಲಾರಿಯ ಕಸುಬು ಹಳೆಯದು. ಕಿವಿಗೊಟ್ಟು ಕೇಳಿದರೆ ಇವರೆಲ್ಲರ ಕಥೆಯೂ ಹೆಚ್ಚು ಕಡಮೆ ಒಂದೇ. ಹದಿನಾಲ್ಕು ಹದಿನೈದರ ಹರೆಯದಲ್ಲಿ ಶಾಲೆ ಬಿಟ್ಟು ಕ್ಲೀನರನಾಗಿ ಗಾಡಿ ಹತ್ತಿದ್ದು. ಡ್ರೈವರನು ಮಲಗಿದ ವೇಳೆಯಲ್ಲಿ ಚಕ್ರ ಹಿಡಿಯಲು ಕಲಿತದ್ದು. ಲೈಸನ್ಸು ದೊರೆತ ಮೇಲೆ ಹತ್ತು ವರ್ಷ ಪರರ ಗಾಡಿ ಓಡಿಸಿದ್ದು. ಕಡೆಗೆ ಹೆಂಡತಿಯ ಬಂಗಾರ ಮಾರಿ, ಬ್ಯಾಂಕಿನ ಸಾಲ ಎತ್ತಿ ಸ್ವಂತ ಗಾಡಿ ಮಾಡಿದ್ದು.

1954ರಲ್ಲಿ ಟಾಟಾ ಕಂಪನಿಯು ಜರ್ಮನಿಯ ಡೈಮ್ಲರ್–ಬೆಂಝ್ ಸಹಯೋಗದಿಂದ ಜಮಶೇಟಪುರದಲ್ಲಿ ಲಾರಿಗಳನ್ನು ಕಟ್ಟತೊಡಗಿದ ಮೇಲೆ ಸ್ವದೇಶದ ಗಾಡಿ ಸಾಮಾನ್ಯನ ಕಣ್ಣಿಗೆ ಬಿತ್ತು. 1969ರಲ್ಲಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾಗಿ, ಸಣ್ಣ ಸಾರಿಗೆದಾರರು ಆದ್ಯತೆಯ ಸಾಲಕ್ಕೆ ಅರ್ಹರಾದ ತರುವಾಯ ಅದು ಅವನ ಕೈಗೂ ಎಟುಕಿತು. ಸ್ವತಂತ್ರ ಭಾರತವು ತನ್ನ ಸಾಮಾನ್ಯ ಪ್ರಜೆಗೆ ಕೊಟ್ಟ ನಿಜವಾದ ಅವಕಾಶಗಳಲ್ಲಿ ಇದೂ ಒಂದು. ಓದು ಬರಹ ಬಾರದ ರೈತನ ಮಗನು ಕ್ಲೀನರನ ಪಾವಟಿಗೆಯಿಂದ ಮಾಲಕನ ಆಸನಕ್ಕೆ ಏರಿದನೆಂಬದು ಸಣ್ಣ ಸಂಗತಿಯಲ್ಲ.

ಏರಿದ ಬೆಲೆಯನ್ನು ಮಾತ್ರ ಅವನು ಮೈಯಿಂದಲೇ ಕೊಟ್ಟನು. ಯಲ್ಲಾಪುರ ದಾಟಿ ಅಂಕೋಲೆಗೆ ಇಳಿಯುವ ಅರಬೈಲು ಘಟ್ಟದ ಮಾತು ಬಂದರೆ ಈ ವೃದ್ಧರು ಇಂದಿಗೂ ದನಿ ತಗ್ಗಿಸುತ್ತಾರೆ. ತುಂಬಿದ ಗಾಡಿ, ಮಳೆಗಾಲದ ರಾತ್ರಿ, ಕೆಳಗಿನ ಗೇರಿನಲ್ಲಿ ನರಳುವ ಎಂಜಿನ್ನು. ಗಾಡಿ ನಿಂತರೆ ಗಾಲಿಗೆ ಕೊಡಲು ಮರದ ತುಂಡು ಹಿಡಿದು ಬಾಗಿಲಲ್ಲಿ ಜೋತುಬಿದ್ದ ಕ್ಲೀನರ ಹುಡುಗ. ಇಂದಿನ ಗಾಡಿಯ ಚಕ್ರವನ್ನು ಒಂದು ಕೈಯಿಂದ ತಿರುಗಿಸಬಹುದು. ಅಂದಿನದಕ್ಕೆ ಎರಡೂ ಭುಜಗಳ ಬಲ ಬೇಕಾಗಿತ್ತು. ಚಾಲಕನು ಕೂಡುವ ಕೋಣೆಯು ಊರಿನ ಬಡಗಿ ಕಟ್ಟಿದ ಮರದ ಪೆಟ್ಟಿಗೆ. ಎಂಜಿನ್ನಿನ ಕಾವು ಎಡತೊಡೆಯನ್ನು ಸುಡುತ್ತಿತ್ತು. 1 ಅಕ್ಟೋಬರ್ 2025ರಿಂದ ತಯಾರಾಗುವ ಭಾರಿ ಲಾರಿಗಳಿಗೆ ಹವಾನಿಯಂತ್ರಿತ ಕೋಣೆ ಇರಲೇಬೇಕೆಂದು ಕೇಂದ್ರ ಸರಕಾರವು ವಿಧಿಸಿದೆ. ಒಳ್ಳೆಯ ನಿಯಮವೇ, ಆದರೆ ಐವತ್ತು ವರ್ಷ ಕಾವಿನಲ್ಲಿ ಕೂತವನಿಗೆ ಅದರಿಂದ ಬಂದ ಲಾಭವೇನು?

“ಹೆಗಲು ಮೇಲಕ್ಕ ಏಳವಲ್ಲದು, ಮೊಳಕಾಲು ಕೆಳಗ ಮಡಚವಲ್ಲದು. ರಾತ್ರಿ ಎದುರಿನ ಲೈಟು ಬಿತ್ತಂದ್ರ ರಸ್ತೆನ ಕಾಣಂಗಿಲ್ಲ. ಆದ್ರೂ ಕಂತು ಅದ ನೋಡ್ರಿ,” ಎಂದು ಎಪ್ಪತ್ತು ದಾಟಿದ ಒಬ್ಬರು ಹೇಳಿದರು. ಪಕ್ಕದವರು, “ಕಾಕಾ, ಕಂತು ಮುಗಿದ ದಿವಸ ಗಾಡೀನೂ ಮುಗೀತೈತಿ, ನಾವೂ ಮುಗೀತೀವಿ,” ಎಂದು ನಕ್ಕರು. ಉಳಿದವರೂ ನಕ್ಕರು. ಆ ನಗೆಯಲ್ಲಿ ಅಡಗಿರುವ ಸತ್ಯವೇ ಈ ಲೇಖನದ ವಿಷಯ.

ಸರಕಾರದ ಕಾಯಿದೆಯು ಲಾರಿಯ ವಯಸ್ಸನ್ನು ಎಷ್ಟು ಎಚ್ಚರಿಕೆಯಿಂದ ಎಣಿಸುತ್ತದೆಂಬದನ್ನು ನೋಡಿರಿ. ಎಂಟು ವರ್ಷ ಮೀರಿದ ಗಾಡಿಯು ಪ್ರತಿವರ್ಷವೂ ಅರ್ಹತೆಯ ಪರೀಕ್ಷೆಗೆ ನಿಲ್ಲಬೇಕು. ಎರಡು ಅಚ್ಚಿನ ಗಾಡಿ 12 ವರ್ಷವನ್ನೂ, ಹೆಚ್ಚಿನ ಅಚ್ಚುಗಳ ಗಾಡಿ 15 ವರ್ಷವನ್ನೂ ದಾಟಿದರೆ ಅದಕ್ಕೆ ರಾಷ್ಟ್ರೀಯ ಪರ್ಮಿಟ್ಟು ಇಲ್ಲ. ದೇಶವೆಲ್ಲ ತಿರುಗಿದ ಗಾಡಿ ಕೊನೆಗಾಲದಲ್ಲಿ ತನ್ನ ರಾಜ್ಯದೊಳಗೇ ಓಡಾಡಬೇಕು. 2021ರಲ್ಲಿ ಗುಜರಿ ನೀತಿ ಬಂದಿತು. ಏಪ್ರಿಲ್ 2022ರಿಂದ 15 ವರ್ಷ ಮೀರಿದ ವಾಣಿಜ್ಯ ವಾಹನಗಳ ಪರೀಕ್ಷೆಯ ಶುಲ್ಕವು ಹಲವು ಪಟ್ಟು ಏರಿತು. ಸರಕಾರದ ಸ್ವಂತ ವಾಹನಗಳಿಗಂತೂ 1 ಏಪ್ರಿಲ್ 2023ರಿಂದ 15 ವರ್ಷಕ್ಕೆ ನೋಂದಣಿಯೇ ಮುಗಿಯುತ್ತದೆ. ನೋಂದಾಯಿತ ಗುಜರಿ ಕೇಂದ್ರಕ್ಕೆ ಗಾಡಿಯನ್ನು ಒಪ್ಪಿಸಿದವನಿಗೆ ಒಂದು ಪ್ರಮಾಣಪತ್ರ ದೊರೆಯುತ್ತದೆ. ಅದನ್ನು ತೋರಿಸಿ ಹೊಸ ಗಾಡಿ ಕೊಂಡರೆ ತೆರಿಗೆಯಲ್ಲಿ ಶೇಕಡಾ 15ರ ವರೆಗೆ ರಿಯಾಯಿತಿ ಕೊಡಲು ಅವಕಾಶವಿದೆ. ಹೀಗೆ ಕಬ್ಬಿಣವು ಕೂಡ ತನ್ನ ನಿವೃತ್ತಿಯ ಕಾಲಕ್ಕೆ ಒಂದು ಗೌರವವನ್ನು ಪಡೆಯುತ್ತದೆ.

ಅದನ್ನು ಓಡಿಸಿದ ಮನುಷ್ಯನಿಗೆ? ಸಾರಿಗೆ ವಾಹನದ ಲೈಸನ್ಸನ್ನು ಮೊದಲು ಮೂರು ವರ್ಷಕ್ಕೊಮ್ಮೆ, 2019ರ ತಿದ್ದುಪಡಿಯ ಮೇಲೆ ಐದು ವರ್ಷಕ್ಕೊಮ್ಮೆ, ವೈದ್ಯರ ಪ್ರಮಾಣಪತ್ರದೊಡನೆ ನವೀಕರಿಸಬೇಕು. ಮೇಲ್ಮಿತಿಯ ವಯಸ್ಸನ್ನು ಮಾತ್ರ ಕಾಯಿದೆ ಹೇಳಿಲ್ಲ. ಹೊಟ್ಟೆಗೆ ಬೇಕಾದವನು ಹೇಗಾದರೂ ಆ ಕಾಗದವನ್ನು ತರುತ್ತಾನೆ. ಕಣ್ಣು ಮಂಜಾದವನು ಇಪ್ಪತ್ತು ಟನ್ನಿನ ಭಾರವನ್ನು ರಾತ್ರಿಯ ರಸ್ತೆಗೆ ಇಳಿಸುತ್ತಾನೆ. ಇದು ಅವನೊಬ್ಬನ ಕಷ್ಟವಲ್ಲ, ರಸ್ತೆಯಲ್ಲಿ ನಡೆಯುವ ಪ್ರತಿಯೊಬ್ಬನ ಪ್ರಾಣದ ಪ್ರಶ್ನೆ.

ಕಾರ್ಮಿಕರ ಕಾಯಿದೆಗಳು ಅವನನ್ನು ಹೇಗೆ ಬಿಟ್ಟುಹೋದವೆಂಬದೂ ವಿಚಾರಾರ್ಹವಾಗಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ಎಂಟು ತಾಸಿನ ದುಡಿಮೆಯನ್ನು ಗೊತ್ತುಮಾಡಿತು. ಆದರೆ ಅದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತಿತ್ತು. ಒಬ್ಬ ಮಾಲಕ, ಒಬ್ಬ ಕ್ಲೀನರ ಇರುವ ಗಾಡಿಗೆ ಆ ಎಂಟು ತಾಸು ಎಂದೂ ಬರಲಿಲ್ಲ. ಭವಿಷ್ಯನಿಧಿಗೆ ಇಪ್ಪತ್ತು ಮಂದಿ ಕೆಲಸಗಾರರು ಬೇಕು. 2015ರ ಅಟಲ್ ಪಿಂಚಣಿ, 2019ರ ಶ್ರಮಯೋಗಿ ಮಾನಧನ, ಅದೇ ವರ್ಷ ಸಣ್ಣ ವ್ಯಾಪಾರಿಗಳಿಗೂ ಸ್ವಯಂ ಉದ್ಯೋಗಿಗಳಿಗೂ ಏರ್ಪಟ್ಟ ಪಿಂಚಣಿ, ಈ ಮೂರಕ್ಕೂ ಸೇರುವ ವಯಸ್ಸು 18ರಿಂದ 40. ಅಸಂಘಟಿತ ಕಾರ್ಮಿಕರ ಹೆಸರು ಬರೆದುಕೊಳ್ಳಲು 2021ರಲ್ಲಿ ತೆರೆದ ಇ–ಶ್ರಮ ದಾಖಲೆಗೆ ಮೇಲ್ಮಿತಿ 59. ಯೋಜನೆಗಳು ಹುಟ್ಟುವ ಹೊತ್ತಿಗೆ ನಮ್ಮ ವೃದ್ಧನು ಆ ಗೆರೆಗಳನ್ನೆಲ್ಲ ದಾಟಿ ಬಹಳ ದೂರ ಬಂದಿದ್ದನು.

ಇಲ್ಲಿ ಒಂದು ಆಕ್ಷೇಪವು ಏಳುವದು ಸಹಜ. “ಇವರು ಮಾಲಕರು. ಗಳಿಸುವಾಗ ಉಳಿಸಬೇಕಾಗಿತ್ತು. ಉಳಿಸದವನ ಮುಪ್ಪಿಗೆ ಸಮಾಜವೇಕೆ ಹೊಣೆ?” ಎಂದು ಕೆಲವರು ಕೇಳಬಹುದು. ಉಳಿಸಿದವರು ಇಲ್ಲವೆಂದಲ್ಲ. ಒಂದೇ ಲಾರಿಯಿಂದ 1976ರಲ್ಲಿ ಗದಗಿನಲ್ಲಿ ಆರಂಭವಾದ ಉದ್ಯಮವೊಂದು ಇಂದು ದೇಶದ ದೊಡ್ಡ ಸಾರಿಗೆ ಸಂಸ್ಥೆಗಳಲ್ಲಿ ಸೇರಿರುವದನ್ನು ಕನ್ನಡಿಗರೆಲ್ಲ ಬಲ್ಲರು. ಆದರೆ ಒಬ್ಬ ವಿಜಯ ಸಂಕೇಶ್ವರರನ್ನು ತೋರಿಸಿ ಸಾವಿರಾರು ಸಣ್ಣವರನ್ನು ದೂರುವದು ನ್ಯಾಯವಲ್ಲ. ಸಣ್ಣವನ ಉಳಿತಾಯವೆಲ್ಲ ಅವನ ಗಾಡಿಯೇ. ಹೊಲವು ವರ್ಷ ಕಳೆದಂತೆ ಬೆಲೆ ಏರುವ ಆಸ್ತಿ. ಲಾರಿಯು ಪ್ರತಿ ಮೈಲಿಗೂ ಬೆಲೆ ಇಳಿಯುವ ಆಸ್ತಿ. ಮುಪ್ಪಿಗೆಂದು ಇಟ್ಟ ಗಂಟು ಮಾಲಕನಿಗಿಂತ ಮೊದಲು ತಾನೇ ಮುಪ್ಪಾಗುತ್ತದೆ.

ಬಳ್ಳಾರಿಯ ಅದಿರಿನ ಕಾಲವನ್ನು ನೆನೆದರೆ ಈ ಮಾತು ಇನ್ನೂ ಸ್ಪಷ್ಟವಾದೀತು. ಚೀನದ ಬೇಡಿಕೆಯಿಂದ ಅದಿರಿನ ಬೆಲೆ ಏರಿದ ಆ ವರ್ಷಗಳಲ್ಲಿ ಹೊಸಪೇಟೆ, ಸಂಡೂರುಗಳಿಂದ ಹೊರಟ ಗಾಡಿಗಳು ಹುಬ್ಬಳ್ಳಿಯ ಮೇಲೆ ಹಾಯ್ದು ಅರಬೈಲು ಘಟ್ಟವನ್ನಿಳಿದು ಬೇಲೆಕೇರಿಯ ಬಂದರಿಗೆ ಸಾಲುಗಟ್ಟಿ ಹೋದವು. ಕೆಂಪು ಧೂಳು ಎರಡೂ ಬದಿಯ ಗಿಡಮರಗಳನ್ನು ಮುಚ್ಚಿತು. ಒಂದು ಗಾಡಿಯವನು ಮೂರು ಗಾಡಿಗೆ ಸಾಲ ಮಾಡಿದನು. ಜುಲೈ 2010ರಲ್ಲಿ ರಾಜ್ಯ ಸರಕಾರವು ರಫ್ತನ್ನು ನಿಷೇಧಿಸಿತು; 29 ಜುಲೈ 2011ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ನಾಡಿನ ಸಂಪತ್ತಿನ ಲೂಟಿಯನ್ನು ತಡೆದ ಆ ಆಜ್ಞೆಯು ಸರ್ವಥಾ ಯೋಗ್ಯವಾದುದು. ಅದರಲ್ಲಿ ಎರಡನೆಯ ಮಾತಿಲ್ಲ. ಆದರೆ ಲೂಟಿ ಮಾಡಿದವರು ಬೇರೆ, ಬಾಡಿಗೆಗೆ ಹೊತ್ತವರು ಬೇರೆ. ಕೆಲಸವಿಲ್ಲದೆ ನಿಂತ ಗಾಡಿಗಳ ಟಯರು ಬಿರಿದವು, ಕಂತು ಕಟ್ಟದವರ ಗಾಡಿಗಳನ್ನು ಸಾಲಗಾರರು ಎಳೆದೊಯ್ದರು. ಅಂದು ಐವತ್ತೈದರ ವಯಸ್ಸಿನಲ್ಲಿದ್ದವನು ಕಟ್ಟಿಕೊಂಡಿದ್ದ ಮುಪ್ಪಿನ ಆಸರೆ ಕೆಲವೇ ತಿಂಗಳುಗಳಲ್ಲಿ ಕರಗಿತು. ಮತ್ತೊಮ್ಮೆ ಕಟ್ಟಲು ಅವನಿಗೆ ವಯಸ್ಸು ಉಳಿದಿರಲಿಲ್ಲ.

ಕಸುಬಿನ ಸ್ವರೂಪವೂ ಬದಲಾಗಿದೆ. 1979ರಲ್ಲಿ ಜಕಾತಿ ರದ್ದಾದಾಗ ಈ ವೃದ್ಧರು ಹರ್ಷಪಟ್ಟಿದ್ದರು. 1 ಜುಲೈ 2017ರಂದು ಸರಕು ಮತ್ತು ಸೇವಾ ತೆರಿಗೆ ಬಂದು ರಾಜ್ಯಗಳ ಗಡಿಯ ತೆರಿಗೆ ತಪಾಸಣೆಯ ನಾಕಾಗಳು ಎದ್ದುಹೋದಾಗಲೂ ಹರ್ಷಪಟ್ಟರು. ರಾತ್ರಿಯೆಲ್ಲ ನಾಕಾದಲ್ಲಿ ಕಾಯುವದು ತಪ್ಪಿತು. ಆದರೆ ಸರಕಿನ ಪತ್ರ, ಟೋಲಿನ ಹಣ, ಪರ್ಮಿಟ್ಟು, ದಂಡ ಎಲ್ಲವೂ ಇಂದು ಮೊಬೈಲಿನ ಗಾಜಿನೊಳಗೆ ಸೇರಿವೆ. ದೇಶದ ದಾರಿಗಳನ್ನೆಲ್ಲ ಬಾಯಿಪಾಠ ಬಲ್ಲವನು ಆ ಗಾಜಿನ ಮುಂದೆ ಮೊಮ್ಮಗನ ಬಿಡುವಿಗಾಗಿ ಕಾಯುತ್ತಾನೆ. ಮಕ್ಕಳು ಈ ಕಸುಬಿಗೆ ಬರಲೊಲ್ಲರು. ಬರಬೇಡಿರೆಂದು ಹೇಳಿದವರೂ ತಂದೆಗಳೇ. “ನನ್ನ ಮಕ್ಕಳು ಯಾವಾಗ ನಡಿಲಿಕ್ಕೆ ಕಲತ್ರು ಅಂಬೋದು ನನಗ ಗೊತ್ತಿಲ್ಲರಿ, ಆವಾಗ ನಾ ಮದ್ರಾಸ ದಾರ್ಯಾಗ ಇದ್ದೆ,” ಎಂದು ಒಬ್ಬರು ಹೇಳಿದ ಮಾತಿಗೆ ಉಳಿದವರಾರೂ ಉತ್ತರ ಕೊಡಲಿಲ್ಲ. ಅವರೆಲ್ಲರ ಅನುಭವವೂ ಅದೇ ಆಗಿತ್ತು.

ಇಷ್ಟಾದರೂ ಅವರ ಮಾತಿನಲ್ಲಿ ಭಿಕ್ಷೆಯ ಧ್ವನಿ ಇಲ್ಲವೆಂಬದು ಗಮನಿಸತಕ್ಕ ಸಂಗತಿ. 2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ದಾರಿಯಲ್ಲಿ ಊಟದ ಖಾನಾವಳಿಗಳೂ ಇಲ್ಲದೆ ಅಕ್ಕಿ, ಬೇಳೆ, ಔಷಧಗಳನ್ನು ಸಾಗಿಸಿದವರು ತಮ್ಮವರೆಂದು ಹೆಮ್ಮೆಯಿಂದ ಹೇಳುತ್ತಾರೆ. ಅಂಥವರಿಗೆ ಬೇಕಾದದ್ದು ದಾನವಲ್ಲ, ಏರ್ಪಾಡು.

ಏರ್ಪಾಡು ಅಸಾಧ್ಯವೂ ಅಲ್ಲ. ನೆರೆಯ ಕೇರಳವು 1985ರಲ್ಲಿಯೇ ಮೋಟಾರು ಸಾರಿಗೆ ಕಾರ್ಮಿಕರ ಕ್ಷೇಮನಿಧಿಯ ಕಾಯಿದೆಯನ್ನು ಮಾಡಿ, ಸ್ವಂತ ದುಡಿಯುವವರನ್ನೂ ಅದರೊಳಗೆ ಸೇರಿಸಿಕೊಂಡಿತು. ಸಂಸತ್ತು 2020ರಲ್ಲಿ ಅಂಗೀಕರಿಸಿದ ಸಾಮಾಜಿಕ ಭದ್ರತೆಯ ಸಂಹಿತೆಯು ಸ್ವಯಂ ಉದ್ಯೋಗಿಯನ್ನೂ ಅಸಂಘಟಿತ ಕಾರ್ಮಿಕನೆಂದು ಎಣಿಸಿದೆ. ನಮ್ಮ ರಾಜ್ಯವೂ 2024ರಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯಿದೆಯನ್ನು ಮಾಡಿದೆ. ದಾರಿ ತೆರೆದಿದೆ, ಅದರ ಮೇಲೆ ಈ ವೃದ್ಧನು ನಡೆಯುವಂತಾಗಬೇಕು. ಅದಕ್ಕಾಗಿ ಮೂರು ಸಂಗತಿಗಳನ್ನು ಸೂಚಿಸುತ್ತೇವೆ.

ಒಂದನೆಯದಾಗಿ, ಒಂದೆರಡು ಗಾಡಿಗಳ ಚಾಲಕ–ಮಾಲಕನನ್ನು ಕ್ಷೇಮನಿಧಿಯ ಮಟ್ಟಿಗೆ ಕಾರ್ಮಿಕನೆಂದೇ ಗಣಿಸತಕ್ಕದ್ದು; ನಲವತ್ತರ ಗೆರೆಯನ್ನು ಅವನಿಗೆ ಸಡಿಲಿಸತಕ್ಕದ್ದು. ಎರಡನೆಯದಾಗಿ, ಅವನು ಗಾಡಿಗೆ ಕಟ್ಟುವ ತೆರಿಗೆಯ ಒಂದು ಪಾಲನ್ನು ಅವನ ಹೆಸರಿನಲ್ಲಿಯೇ ಮುಪ್ಪಿನ ಖಾತೆಗೆ ಜಮೆ ಮಾಡತಕ್ಕದ್ದು. ಗಾಡಿಯನ್ನು ಗುಜರಿಗೆ ಒಪ್ಪಿಸಿದವನು ಹೊಸ ಗಾಡಿ ಬೇಡವೆಂದರೆ ರಿಯಾಯಿತಿಯ ಬೆಲೆಯನ್ನು ಆ ಖಾತೆಗೆ ಸೇರಿಸತಕ್ಕದ್ದು. ಮೂರನೆಯದಾಗಿ, ಲಾರಿ ಮಾಲಕರ ಸಂಘಗಳು ಡೀಸೆಲಿನ ಬೆಲೆಗಾಗಿ ಮುಷ್ಕರ ಹೂಡುವಷ್ಟೇ ಉತ್ಸಾಹದಿಂದ ತಮ್ಮ ಸದಸ್ಯರ ಕಣ್ಣಿನ ಪರೀಕ್ಷೆ, ಉಳಿತಾಯ, ವಿಮೆಗಳ ಕಡೆಗೂ ತಿರುಗತಕ್ಕದ್ದು. 70 ವರ್ಷದ ವರೆಗೆ ಸೇರಲು ಅವಕಾಶವಿರುವ ರಾಷ್ಟ್ರೀಯ ಪಿಂಚಣಿ ಪದ್ಧತಿಯ ವಿಷಯವನ್ನು ಬುಕಿಂಗ್ ಆಫೀಸಿನ ಫಲಕದ ಮೇಲೆ ಕನ್ನಡದಲ್ಲಿ ಬರೆದು ಹಾಕಲು ಯಾವ ಹೊಸ ಕಾಯಿದೆಯೂ ಬೇಕಾಗಿಲ್ಲ.

ಸಾರಿಗೆಯ ಕಚೇರಿಗಳಲ್ಲಿ ಕೆಲಸ ಮಾಡುವ ಅಧಿಕಾರಿಗಳು ಈ ಲೇಖನವನ್ನು ಓದುವರೆಂದು ನಂಬಿದ್ದೇವೆ. ನಾಳೆ ಒಬ್ಬ ಮುದುಕನು ಕೈಯಲ್ಲಿ ಲೈಸನ್ಸು ಹಿಡಿದು ಅವರ ಮೇಜಿನ ಮುಂದೆ ನಿಂತಾಗ, ಕಾಗದಗಳು ಸರಿಯಾಗಿವೆಯೇ ಎಂದು ಕೇಳುವದರೊಡನೆ ಇನ್ನೊಂದು ಪ್ರಶ್ನೆಯನ್ನೂ ಅವರು ತಮ್ಮಷ್ಟಕ್ಕೆ ಕೇಳಿಕೊಳ್ಳಲಿ: ಇವನು ಓಡಿಸಬಲ್ಲನೆಂದು ಬಂದಿದ್ದಾನೆಯೇ, ನಿಲ್ಲಿಸಲಾರನೆಂದು ಬಂದಿದ್ದಾನೆಯೇ? ಎರಡನೆಯದೇ ನಿಜವಾಗಿದ್ದರೆ ಆ ದೋಷವು ಅವನದಲ್ಲ. ಗಾಡಿಯ ವಯಸ್ಸನ್ನು ಮಾತ್ರ ಎಣಿಸಿ ಮನುಷ್ಯನ ವಯಸ್ಸನ್ನು ಎಣಿಸದ ವ್ಯವಸ್ಥೆಯದು. ಅದನ್ನು ತಿದ್ದುವ ಭಾರವು ಆ ವ್ಯವಸ್ಥೆಯನ್ನು ನಡೆಸುವವರ ಮೇಲೆ ಇದೆ.