ಸ್ಕೂಲ್ ಬ್ಯಾಗಿನಲ್ಲಿ ಬಂದ ಒಪ್ಪಿಗೆ ಪತ್ರ

ಕಳೆದ ಯುಗಾದಿಯ ಊಟದ ಸಾಲಿನಲ್ಲಿ ಪರಿಚಯದ ತಾಯಿಯೊಬ್ಬರು ತಗ್ಗಿದ ದನಿಯಲ್ಲಿ ಕೇಳಿದರು: "ಡಾಕ್ಟ್ರೇ, ಮಗಳ ಸ್ಕೂಲಿನಿಂದ ಎಚ್‌ಪಿವಿ ಲಸಿಕೆಗೆ ಒಪ್ಪಿಗೆ ಪತ್ರ ಬಂದಿದೆ. ಲೈಂಗಿಕ ಸಂಪರ್ಕದಿಂದ ಹರಡೋ ಸೋಂಕಂತೆ. ಹನ್ನೆರಡು ವರ್ಷದ ಮಗೂಗೆ ಇದೆಲ್ಲ ಯಾಕೆ?"

ಗರ್ಭಕಂಠದ ಕ್ಯಾನ್ಸರ್ ಬಹುಪಾಲು ಬರುವುದು ಈ ವೈರಸ್ಸಿನಿಂದಲೇ. ಲಸಿಕೆ ಸೋಂಕನ್ನು ತಡೆಯುತ್ತದೆ, ತಗುಲಿದ್ದನ್ನು ವಾಸಿ ಮಾಡುವುದಿಲ್ಲ. ಆದ್ದರಿಂದಲೇ ಮೊದಲೇ, 12-13ನೇ ವಯಸ್ಸಿನಲ್ಲಿ ಕೊಡುತ್ತಾರೆ. ಇಂಗ್ಲೆಂಡಿನ ಶಾಲೆಗಳಲ್ಲಿ 2008ರಿಂದ ಹುಡುಗಿಯರಿಗೆ, 2019ರಿಂದ ಹುಡುಗರಿಗೂ ಇದು ಉಚಿತ. 2023ರಿಂದ ಒಂದೇ ಡೋಸ್ ಸಾಕು.

ಇಷ್ಟನ್ನು ಅವರಿಗೆ ಸಲೀಸಾಗಿ ಹೇಳಿದೆ. ಆದರೆ ನನ್ನ ಮಗಳ ಪತ್ರಕ್ಕೆ ಸುಮ್ಮನೆ ಸಹಿ ಹಾಕಿ ಕಳಿಸಿದ್ದೆ. ವೈದ್ಯನಾದರೂ ಅವಳೆದುರು ಬಾಯಿ ಬರಲಿಲ್ಲ. ಯೂನಿವರ್ಸಿಟಿಗೆ ಹೊರಟಾಗ ಅವಳೇ ಕೇಳಿದಳು: "ಅಪ್ಪ, ಆ ಇಂಜೆಕ್ಷನ್ ಆಗಿದೆಯಲ್ಲ, ಇನ್ಯಾವ ಸೋಂಕಿನ ಭಯವೂ ಇಲ್ಲ ತಾನೆ?"

ನನ್ನೆದೆ ಧಸಕ್ಕೆಂದಿತು. ಕ್ಲಮಿಡಿಯಾ, ಗೊನೊರಿಯಾ, ಎಚ್‌ಐವಿಗೆ ಈ ಲಸಿಕೆ ತಡೆಯಲ್ಲ. ಅಲ್ಲಿ ಬೇಕಾದದ್ದು ಕಾಂಡೋಮ್ ಮತ್ತು ಸಕಾಲದ ಪರೀಕ್ಷೆ. ಲಸಿಕೆ ಹಾಕಿಸಿಕೊಂಡವರಿಗೂ 25ರ ನಂತರ ಸ್ಮಿಯರ್ ಪರೀಕ್ಷೆ ಬೇಕು. ಅಂದು ರಾತ್ರಿ ಅಪ್ಪ-ಮಗಳು ಇದನ್ನೆಲ್ಲ ಮಾತಾಡಿದೆವು, ಆರು ವರ್ಷ ತಡವಾಗಿ.

ನೀವು ತಡಮಾಡಬೇಡಿ. ಪತ್ರ ಬಂದ ದಿನವೇ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿ, ಆಮೇಲೆ ಸಹಿ ಹಾಕಿ.