ಕಲ್ಲಿನ ದನಿ ಕೇಳಿ

ಶಿಲ್ಪ ಕಲಿಯುವವರಿಗೆ ಬಳಪದ ಕಲ್ಲು ಒಳ್ಳೆಯ ಆರಂಭ. ಬೇಲೂರು, ಹಳೇಬೀಡುಗಳ ಸೂಕ್ಷ್ಮ ಕೆತ್ತನೆ ಇದರಲ್ಲಿಯೇ ಆದದ್ದು. ಇದರಲ್ಲಿರುವ ಟಾಲ್ಕ್ ಖನಿಜಕ್ಕೆ ಮೋಸ್ ಕಾಠಿಣ್ಯ ಮಾನದಲ್ಲಿ 1ನೆಯ ಸ್ಥಾನ. ಗ್ರಾನೈಟಿನಲ್ಲಿರುವ ಕ್ವಾರ್ಟ್ಸ್‌ಗೆ 7. (ಇದು ಬರೀ ಶ್ರೇಣಿ, ಏಳುಪಟ್ಟು ಗಟ್ಟಿ ಎಂದಲ್ಲ.)

ಚಾಣ ಹಿಡಿಯುವ ಮೊದಲು ಕಿವಿ ಪಳಗಬೇಕು. ಕಲ್ಲನ್ನು ಎರಡು ಮರದ ತುಂಡುಗಳ ಮೇಲಿಟ್ಟು ಸುತ್ತಿಗೆಯಿಂದ ಹಗುರವಾಗಿ ತಟ್ಟಿ. ದನಿ ಸ್ಪಷ್ಟವಾಗಿ ಮೊಳಗಿದರೆ ಕಲ್ಲು ಬಹುಮಟ್ಟಿಗೆ ಅಖಂಡ. ಒಳಗೆ ದೊಡ್ಡ ಬಿರುಕಿದ್ದರೆ ಅದರ ಮುಖಗಳು ಒಂದಕ್ಕೊಂದು ಉಜ್ಜಿ, ಕಂಪನದ ಶಕ್ತಿ ಉಷ್ಣವಾಗಿ ಕಳೆದುಹೋಗುತ್ತದೆ. ದನಿ ‘ದಬ್’ ಎಂದು ಅಡಗುತ್ತದೆ. ಕಲ್ಲು ಮಣ್ಣಿನ ಮೇಲಿದ್ದಾಗ ತಟ್ಟಬೇಡಿ. ಮಣ್ಣು ಕಂಪನವನ್ನು ಹೀರುವುದರಿಂದ ಒಳ್ಳೆಯ ಕಲ್ಲೂ ಮಂಕಾಗಿ ಕೇಳುತ್ತದೆ. ಇಲ್ಲಿ ತಪ್ಪಿದ ಬಿರುಕು, ತಿಂಗಳುಗಟ್ಟಲೆ ಕೆತ್ತಿದ ಮೇಲೆ, ವಿಗ್ರಹದ ತೋಳಿನಲ್ಲಿ ಬಾಯಿಬಿಟ್ಟೀತು.